ರಾಡ್ ಮೇಲೆ 6, ಲೈನ್ ಡಬ್ಬಿ ಮೇಲೆ 5: ಎಸೆತ ಕೈಕೊಡುವುದು ಎಲ್ಲಿ?

ಪ್ರಶ್ನೆ: ಸರ್, ನಾನು ಗಂಗಾವತಿಯವನು. ಚಿಕ್ಕಂದಿನಿಂದ ಗಾಳ ಹಾಕಿ ರೂಢಿಯಿದೆ. ಹೋದ ವರ್ಷ ಅಕ್ಕನ ಮಗ ಅಮೆರಿಕದಿಂದ ಬರುವಾಗ ಒಂದು ಫ್ಲೈ ರಾಡ್ ತಂದುಕೊಟ್ಟ. ಹಿಡಿಕೆಯ ಮೇಲ್ಗಡೆ ‘9 ಅಡಿ, 6’ ಎಂದು ಬರೆದಿದೆ. ಲೈನ್ ಇರಲಿಲ್ಲ, ಆನ್‌ಲೈನಲ್ಲಿ ತರಿಸಿದೆ. ಅದರ ಡಬ್ಬಿ ಮೇಲೆ ‘ಡಬ್ಲ್ಯುಎಫ್ 5 ಎಫ್’ ಅಂತಿದೆ. ಕನಕಗಿರಿ ಕಡೆಯ ಒಂದು ಕೆರೆಯಲ್ಲಿ ಜಿಲೇಬಿ ಮೀನಿಗೆ ಎಸೆದು ನೋಡಿದೆ, ಬೇಸಿಗೆಯಲ್ಲಿ ಮುನಿರಾಬಾದ್ ಹತ್ತಿರದ ಹಿನ್ನೀರಿನಲ್ಲೂ ನೋಡಿದೆ. 25 ಅಡಿ ಹೋಗುವಷ್ಟರಲ್ಲಿ ಲೈನ್ ಮುದ್ದೆಯಾಗಿ ಬೀಳುತ್ತದೆ. ಒಬ್ಬರು 7ನೇ ನಂಬರ್ ಲೈನ್ ಹಾಕಿ ಅಂದರು. ಇನ್ನೊಬ್ಬರು ಸೀದಾ 8 ಹಾಕಿ, ರಾಡ್ ತಾನಾಗಿ ಎಸೆಯುತ್ತದೆ ಅಂದರು. ಯಾವುದು ಸರಿ? ರೀಲ್ ಕೂಡ ಬದಲಾಯಿಸಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ರಾಡಿಗೆ 8 ಬೇಡ. 5 ಕಡಿಮೆಯೇ, ಆದರೆ ಲೈನ್ ಮುದ್ದೆಯಾಗುವುದಕ್ಕೆ ಆ ಒಂದು ನಂಬರಿನ ವ್ಯತ್ಯಾಸವೊಂದೇ ಕಾರಣವಲ್ಲ. 6 ಸರಿ, ಕೆಲವು ಸಂದರ್ಭಕ್ಕೆ 7 ಕೂಡ ಸರಿ. ಯಾವ ಸಂದರ್ಭ ಎಂಬುದು ನೀವು ಎಸೆಯುವಾಗ ರಾಡಿನ ತುದಿಯಿಂದಾಚೆ ಗಾಳಿಯಲ್ಲಿ ಎಷ್ಟು ಅಡಿ ಲೈನ್ ಇರುತ್ತದೆ ಎನ್ನುವುದರ ಮೇಲೆ ನಿಂತಿದೆ. ಈ ಲೆಕ್ಕ ಹಾಕದೆ ಲೈನ್ ಕೊಂಡರೆ ಮೂರು-ನಾಲ್ಕು ಸಾವಿರ ರೂಪಾಯಿ ಮತ್ತೊಮ್ಮೆ ನೀರಿಗೆ ಹೋಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಇಷ್ಟು ವರ್ಷ ಹಾಕಿದ ಗಾಳದಲ್ಲಿ ದೂರ ಹೋಗುವುದು ಸೀಸದ ಗುಂಡು. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದ ಹಾಗೆ: ಭಾರ ಕಲ್ಲಿನಲ್ಲಿದೆ, ಉಳಿದದ್ದೆಲ್ಲ ಅದನ್ನು ಬೀಸುವುದಕ್ಕೆ. ಫ್ಲೈ ಫಿಶಿಂಗ್‌ನಲ್ಲಿ ಕಲ್ಲು ಇಲ್ಲ. ಗಾಳಕ್ಕೆ ಪುಕ್ಕ, ನೂಲು ಕಟ್ಟಿ ಹುಳುವಿನಂತೆ ಮಾಡಿದ ‘ಫ್ಲೈ’ ಎಲ್ಲ ಸೇರಿದರೂ ಒಂದು ಗ್ರಾಂ ತೂಗುವುದಿಲ್ಲ. ಎಸೆಯಬೇಕಾದ ಭಾರವೆಲ್ಲ ಲೈನಿನ ಮೈಯಲ್ಲೇ ಉದ್ದಕ್ಕೂ ಹರಡಿದೆ. ಆ ಭಾರ ರಾಡನ್ನು ಬಗ್ಗಿಸುತ್ತದೆ. ಬಗ್ಗಿದ ರಾಡನ್ನು ನೀವು ತಟ್ಟನೆ ನಿಲ್ಲಿಸಿದಾಗ ಅದು ನೆಟ್ಟಗಾಗಿ ಲೈನನ್ನು ಮುಂದಕ್ಕೆ ಬಿಡುತ್ತದೆ. ಲೈನ್ ಒಂದು ಲೂಪ್ ಆಗಿ ಮಗುಚುತ್ತ ಹೋಗಿ ಫ್ಲೈಯನ್ನು ನೀರಿನ ಮೇಲೆ ಇಳಿಸುತ್ತದೆ. ಆದ್ದರಿಂದ ಇಲ್ಲಿ ನಂಬರ್ ಅಂದರೆ ಲೈನಿನ ತೂಕ. ಅದು ಎಷ್ಟು ಕೆ.ಜಿ. ಎಳೆತ ತಡೆಯುತ್ತದೆ ಎನ್ನುವುದಕ್ಕೂ ಈ ನಂಬರಿಗೂ ಸಂಬಂಧವಿಲ್ಲ.

ಹಿಂದೆ ರೇಷ್ಮೆ ಲೈನ್ ಇದ್ದ ಕಾಲದಲ್ಲಿ ದಪ್ಪವನ್ನು ಅಳೆದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡುತ್ತಿದ್ದರು. ರೇಷ್ಮೆಯಲ್ಲಿ ದಪ್ಪ ಗೊತ್ತಾದರೆ ತೂಕ ಹೆಚ್ಚುಕಡಿಮೆ ಗೊತ್ತಾಗುತ್ತಿತ್ತು. ನೈಲಾನ್ ಎಳೆಯ ಮೇಲೆ ಪ್ಲಾಸ್ಟಿಕ್ ಲೇಪನದ ಲೈನ್ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ಒಂದೇ ದಪ್ಪದ ಎರಡು ಲೈನು, ತೇಲುವುದೊಂದು, ಮುಳುಗುವುದೊಂದು, ತೂಕ ಬೇರೆ ಬೇರೆ. ಆಗ ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘ 1960ರ ಆಸುಪಾಸಿನಲ್ಲಿ ತೂಕದ ಅಳತೆಯನ್ನೇ ಜಾರಿಗೆ ತಂದಿತು. ಲೈನಿನ ಮುಂದಿನ 30 ಅಡಿಯನ್ನು ತೂಗಬೇಕು, ಆ ತೂಕಕ್ಕೆ ಒಂದು ನಂಬರ್ ಕೊಡಬೇಕು. ತೂಗುವ ಮಾನ ಗ್ರೇನ್. ಒಂದು ಗ್ರೇನ್ ಅಂದರೆ 0.0648 ಗ್ರಾಂ, ಗ್ರಾಂ ಎಂದು ಓದಿಕೊಂಡು ಗಾಬರಿಯಾಗಬೇಡಿ.

5ನೇ ನಂಬರಿಗೆ 140 ಗ್ರೇನ್, ಅಂದರೆ 9.1 ಗ್ರಾಂ. 6ಕ್ಕೆ 160 ಗ್ರೇನ್, 10.4 ಗ್ರಾಂ. 7ಕ್ಕೆ 185, ಅಂದರೆ 12 ಗ್ರಾಂ. 8ಕ್ಕೆ 210, ಅಂದರೆ 13.6 ಗ್ರಾಂ. ಪ್ರತಿ ನಂಬರಿಗೂ ಒಂದಿಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ. 6 ಎಂದು ಅಚ್ಚು ಹಾಕಬೇಕಾದರೆ ತೂಕ 152ರಿಂದ 168 ಗ್ರೇನ್ ಒಳಗಿರಬೇಕು. ನಿಮ್ಮ 5ಕ್ಕೂ ಬೇಕಾದ 6ಕ್ಕೂ ನಡುವಿನ ಅಂತರ 30 ಅಡಿಗೆ ಬರೀ 1.3 ಗ್ರಾಂ ಎನ್ನುವುದನ್ನು ಗಮನಿಸಿ. ನಿಮಗೆ 8 ಹೇಳಿದವರು 3.2 ಗ್ರಾಂ ಏರಿಸಿದ್ದಾರೆ. ಆ ರಾಡ್ ಹೊರಬೇಕಾದ ಭಾರದ ಮೇಲೆ ಇನ್ನೂ ಮೂರನೇ ಒಂದು ಪಾಲು ಹತ್ತಿರ ಹತ್ತಿರ!

ಈಗ ಮುಖ್ಯ ವಿಷಯ. ಈ ನಂಬರ್ ಮಾತಾಡುವುದು 30 ಅಡಿ ಲೈನಿನ ಬಗ್ಗೆ, ಅದೂ ರಾಡಿನ ತುದಿಯಿಂದಾಚೆ ಇರುವ 30 ಅಡಿ. ನೀವು ‘25 ಅಡಿ’ ಎಂದು ಬರೆದಿದ್ದೀರಿ. ಆ 25 ಅಡಿಯನ್ನು ಎಲ್ಲಿಂದ ಎಣಿಸಿದಿರಿ? ನಿಮ್ಮ ಕಾಲಿನಿಂದ ಫ್ಲೈ ಬಿದ್ದ ಜಾಗದವರೆಗೆ ಎಣಿಸಿದ್ದರೆ ಹೀಗೆ ಬಿಡಿಸಿ ನೋಡಿ. ಎಸೆತ ಮುಗಿದಾಗ ರಾಡಿನ ತುದಿ ನಿಮ್ಮಿಂದ ಸುಮಾರು 10 ಅಡಿ ಮುಂದಿರುತ್ತದೆ. ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟಿದ ಸಪೂರ ದಾರ, ಅಂದರೆ ಲೀಡರ್, ಏಳೂವರೆಯಿಂದ 9 ಅಡಿ. ಎರಡೂ ಕಳೆದರೆ ಉಳಿಯುವುದು ಆರೇಳು ಅಡಿ ಲೈನ್. ಲೈನಿನ ಮೊದಲ ಕೆಲವು ಅಡಿ ಸಪೂರವಾಗಿ ಇಳಿದಿರುತ್ತದೆ, ಹಾಗಾಗಿ ಅದರ ತೂಕ ಎರಡು ಗ್ರಾಂ ಕೂಡ ಇರುವುದಿಲ್ಲ. ಹತ್ತು ಗ್ರಾಂಗೆ ಬಗ್ಗಲೆಂದು ಮಾಡಿದ ರಾಡ್ ಎರಡು ಗ್ರಾಂಗೆ ಯಾಕೆ ಬಗ್ಗೀತು? ಬಗ್ಗದ ರಾಡನ್ನು ನಾವು ತೋಳಿನ ಬಲದಿಂದ ಬೀಸುತ್ತೇವೆ. ಜೋರಾಗಿ ಬೀಸಿದಷ್ಟೂ ರಾಡಿನ ತುದಿ ದೊಡ್ಡ ಕಮಾನು ಹಾಕುತ್ತದೆ, ಲೂಪ್ ಅಗಲವಾಗುತ್ತದೆ, ಲೈನ್ ಮಗುಚುವ ಮೊದಲೇ ಸತ್ತು ಬೀಳುತ್ತದೆ. ನೀವು ಬರೆದ ಮುದ್ದೆ ಇದೇ ಇರಬೇಕು.

ಇನ್ನೊಂದು ಕಡೆಯಿಂದ ಎಣಿಸಿ. ತುದಿಯಾಚೆ ಪೂರ್ತಿ 30 ಅಡಿ ಲೈನ್ ಇದ್ದರೆ, ಲೀಡರ್ ಸೇರಿ, ರಾಡಿನ ಉದ್ದ ಸೇರಿ, ಫ್ಲೈ ಬೀಳುವುದು ನಿಮ್ಮ ಕಾಲಿನಿಂದ ಸುಮಾರು 48-50 ಅಡಿಗೆ. ರಾಡ್ ಮೇಲಿನ 6 ಹೇಳುತ್ತಿರುವುದು ಆ ದೂರದ ಮಾತು. ಕೆರೆಯ ದಂಡೆಯಲ್ಲಿ, ಪಾಚಿ ಅಂಚಿನಲ್ಲಿ, 25-30 ಅಡಿಯೊಳಗೆ ಜಿಲೇಬಿ ಹಿಡಿಯುವವರಿಗೆ ಆ ನಂಬರ್ ಅರ್ಧ ಮಾತ್ರ ಅನ್ವಯಿಸುತ್ತದೆ. ಹಿನ್ನೀರಿನ ಬಯಲಲ್ಲಿ ನಿಂತು 50 ಅಡಿ ಎಸೆಯುವವರಿಗೆ ಪೂರ್ತಿ ಅನ್ವಯಿಸುತ್ತದೆ. ಅದಕ್ಕೂ ದೂರ, 45 ಅಡಿ ಲೈನನ್ನು ಗಾಳಿಯಲ್ಲಿ ಹಿಡಿದು ಆಡಿಸಬಲ್ಲ ಕೈ ಇದ್ದರೆ 6ರ ರಾಡಿಗೆ 6ರ ಲೈನೇ ಹೆಚ್ಚಾಗುತ್ತದೆ. ಅಂಥವರು 5 ಹಾಕಿಕೊಂಡರೂ ನಡೆಯುತ್ತದೆ. ಒಂದೇ ರಾಡಿಗೆ ಮೂವರು ಮೂರು ನಂಬರ್ ಹೇಳುವುದು ಇದಕ್ಕೇ. ತಾವು ಎಸೆಯುವ ದೂರವನ್ನು ಮಾತ್ರ ಯಾರೂ ಹೇಳುವುದಿಲ್ಲ.

ರಾಡಿನ ನಂಬರಿಗೆ ಲೈನಿನಂಥ ಕಟ್ಟುನಿಟ್ಟಿನ ಅಳತೆಯಿಲ್ಲ ಎಂಬುದನ್ನೂ ತಿಳಿದಿರಬೇಕು. ಲೈನನ್ನು ತಕ್ಕಡಿಗೆ ಹಾಕಿ ಒರೆಹಚ್ಚಬಹುದು. ರಾಡಿಗೆ ತಯಾರಕರು ತಮ್ಮ ಅನುಭವದ ಮೇಲೆ ನಂಬರ್ ಬರೆಯುತ್ತಾರೆ. ಈಚಿನ ವರ್ಷಗಳಲ್ಲಿ ರಾಡುಗಳು ಗಡುಸಾಗುತ್ತ ಬಂದಿವೆ. ‘ಫಾಸ್ಟ್ ಆ್ಯಕ್ಷನ್’ ಎಂದು ಬರೆದ 6ರ ರಾಡ್ ಹಳೆಯ ಕಾಲದ 7ರಷ್ಟು ಬಿಗಿ ಇರುವುದುಂಟು. ಅದಕ್ಕೆ ಸರಿಯಾಗಿ ಲೈನ್ ಕಂಪನಿಗಳೂ ತೂಕ ಏರಿಸಿವೆ. ಡಬ್ಬಿಯ ಮೇಲೆ 6 ಎಂದಿರುತ್ತದೆ, ಒಳಗಿನ ಲೈನ್ ಅರ್ಧ ನಂಬರ್, ಕೆಲವೊಮ್ಮೆ ಪೂರ್ತಿ ಒಂದು ನಂಬರ್ ಹೆಚ್ಚು ತೂಗುತ್ತದೆ. ಒಳ್ಳೆಯ ಕಂಪನಿಗಳು ಇದನ್ನು ಮುಚ್ಚಿಡುವುದಿಲ್ಲ. ಡಬ್ಬಿಯ ಹಿಂಭಾಗದಲ್ಲಿ 30 ಅಡಿಗೆ ಇಷ್ಟು ಗ್ರೇನ್ ಎಂದು ಅಚ್ಚಾಗಿರುತ್ತದೆ. ಮುಂಭಾಗದ ದೊಡ್ಡ ಅಂಕಿಗಿಂತ ಹಿಂದಿನ ಆ ಸಣ್ಣ ಅಂಕಿಯನ್ನು ನಂಬಿ.

ಹಾಗಾದರೆ ಕೈಯಲ್ಲಿರುವ ಲೈನನ್ನೇ ಮೊದಲು ಪರೀಕ್ಷೆ ಮಾಡಿ. ಲೈನಿನ ಯಾವ ತುದಿ ಹೊರಗಿದೆ ಎಂದು ನೋಡುವುದು ಎಲ್ಲಕ್ಕಿಂತ ಮೊದಲು. ಡಬ್ಲ್ಯುಎಫ್ ಅಂದರೆ ಭಾರ ಮುಂದಿರುವ ಲೈನ್, ಕೊನೆಯ ಎಫ್ ಅಂದರೆ ತೇಲುವ ಲೈನ್. ಮೊದಲ 30ರಿಂದ 45 ಅಡಿ ದಪ್ಪ, ಆಮೇಲಿನದೆಲ್ಲ ಸಪೂರ. ಉಲ್ಟಾ ಸುತ್ತಿದರೆ ಸಪೂರ ಭಾಗ ಮುಂದೆ ಬಂದು, ಭಾರವೆಲ್ಲ ರೀಲಿನ ಹೊಟ್ಟೆಯಲ್ಲಿ ಉಳಿಯುತ್ತದೆ. ಹಾಗಾಗಿದ್ದರೆ ಯಾವ ನಂಬರ್ ಹಾಕಿದರೂ ಎಸೆತ ಬರುವುದಿಲ್ಲ. ಹೊಸ ಲೈನಿನ ಒಂದು ತುದಿಗೆ ‘ಈ ತುದಿ ರೀಲಿಗೆ’ ಎಂಬ ಚೀಟಿ ಅಂಟಿಸಿರುತ್ತಾರೆ, ಅದು ಸುತ್ತುವಾಗ ಕಿತ್ತುಹೋಗುತ್ತದೆ. ಲೈನನ್ನು ಬೆರಳ ಸಂದಿಯಲ್ಲಿ ಎಳೆದು ನೋಡಿ. ತುದಿಯಿಂದ ಹತ್ತಿಪ್ಪತ್ತು ಅಡಿಯೊಳಗೆ ಅದು ದಪ್ಪವಾಗುತ್ತ ಹೋಗಬೇಕು. 50 ಅಡಿವರೆಗೂ ಒಂದೇ ಸಮ ಸಪೂರವಿದ್ದರೆ ಬಿಚ್ಚಿ ತಿರುಗಿಸಿ ಸುತ್ತಿ.

ಆಮೇಲೆ ತೂಕ. ಗಂಗಾವತಿಯಲ್ಲಿ ಚಿನ್ನದ ಅಂಗಡಿಗಳಿಗೆ ಕೊರತೆಯಿಲ್ಲ. ಪರಿಚಯದ ಅಂಗಡಿಯ ಡಿಜಿಟಲ್ ತಕ್ಕಡಿ ಇದಕ್ಕೆ ಹೇಳಿ ಮಾಡಿಸಿದ್ದು. ಮನೆಯ ಪಡಸಾಲೆಯಲ್ಲಿ ಲೈನನ್ನು ಬಿಚ್ಚಿ ಹಾಸಿ. ತುದಿಯಲ್ಲಿ ಅರ್ಧದಿಂದ ಒಂದು ಅಡಿಯಷ್ಟು ಒಂದೇ ದಪ್ಪದ ಭಾಗವಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿಂದ ಮುಂದಕ್ಕೆ 30 ಅಡಿ, ಅಂದರೆ 9 ಮೀಟರ್ 14 ಸೆಂಟಿಮೀಟರ್ ಅಳೆದು ಅಳಿಸದ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಇದೇ ಕೈಯಲ್ಲಿ 20 ಅಡಿಗೆ ಎರಡು ಗೆರೆ, 40 ಅಡಿಗೆ ಮೂರು ಗೆರೆ ಹಾಕಿಬಿಡಿ, ಮುಂದೆ ಬೇಕಾಗುತ್ತದೆ. ಲೈನನ್ನು ಕತ್ತರಿಸಬೇಕಿಲ್ಲ. 30 ಅಡಿಯನ್ನು ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟು, ಉಳಿದ ಭಾಗ ಎಳೆಯದ ಹಾಗೆ ತಕ್ಕಡಿಯ ಮಟ್ಟದಲ್ಲೇ ಸಡಿಲವಾಗಿ ಕೈಯಲ್ಲಿ ಹಿಡಿದುಕೊಂಡರೆ ಸಾಕು. 8.7ರಿಂದ 9.5 ಗ್ರಾಂ ಒಳಗೆ ಬಂದರೆ ಅದು ನಿಜವಾದ 5. 10 ಗ್ರಾಂ ದಾಟಿದರೆ ನಿಮ್ಮದು 5ರ ಡಬ್ಬಿಯಲ್ಲಿ ಬಂದ 6, ಅಂದರೆ ನಿಮ್ಮ ರಾಡಿಗೆ ಸರಿಯಾದ ಲೈನೇ! ಆಗ ದುಡ್ಡು ಖರ್ಚು ಮಾಡುವ ಪ್ರಮೇಯವೇ ಬರುವುದಿಲ್ಲ.

ತೂಕ ಗೊತ್ತಾದ ಮೇಲೆ ಕೆರೆಗೆ ಹೋಗಬೇಡಿ, ಮೈದಾನಕ್ಕೆ ಹೋಗಿ. ನೀರಿನ ಮುಂದೆ ನಿಂತರೆ ಮನಸ್ಸು ಮೀನಿನ ಮೇಲಿರುತ್ತದೆ, ಲೈನಿನ ಮೇಲೆ ಇರುವುದಿಲ್ಲ. ಭತ್ತ ಕೊಯ್ದ ಗದ್ದೆ ಹತ್ತಿರವಿದೆ ಎಂದು ಅಲ್ಲಿ ಅಭ್ಯಾಸ ಮಾಡಲೂ ಬೇಡಿ. ಕೂಳೆ ಲೈನಿನ ಲೇಪನ ಕೆರೆಯುತ್ತದೆ. ಹುಲ್ಲಿರುವ ಶಾಲೆ ಮೈದಾನ ಒಳ್ಳೆಯದು. ಗಾಳದ ಬದಲು ಲೀಡರ್ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿ. 30 ಅಡಿಯ ಗೆರೆ ರಾಡಿನ ತುದಿಯಲ್ಲಿ ಬರುವ ಹಾಗೆ ಲೈನ್ ಹೊರಗೆ ಬಿಟ್ಟು, ನೆಲಕ್ಕೆ ಬೀಳಿಸದೆ ಹಿಂದಕ್ಕೂ ಮುಂದಕ್ಕೂ ಆಡಿಸಿ. ಎಡಗೈಯಿಂದ ಲೈನ್ ಜಗ್ಗಬೇಡಿ, ಅದು ರಾಡಿನ ಗುಣವನ್ನು ಮರೆಮಾಡುತ್ತದೆ. ಹಿಂದೆ ಹೋದ ಲೈನನ್ನು ತಲೆ ತಿರುಗಿಸಿ ನೋಡಿ. ಅದು ಪೂರ್ತಿ ಬಿಚ್ಚಿಕೊಳ್ಳುವ ಹೊತ್ತಿಗೆ ಮುಂದಕ್ಕೆ ಬನ್ನಿ. ನಮ್ಮಲ್ಲಿ ಬಹಳ ಜನ ಹಿಂದಿನ ಎಸೆತಕ್ಕೆ ಸಮಯವನ್ನೇ ಕೊಡುವುದಿಲ್ಲ, ಮುಂದಿನದಕ್ಕೆ ಎಲ್ಲ ಬಲ ಸುರಿಯುತ್ತಾರೆ. ಹಿಂದೆ ನೆಟ್ಟಗೆ ಹೋಗದ ಲೈನ್ ಮುಂದೆ ನೆಟ್ಟಗೆ ಬರುವುದಿಲ್ಲ.

ಈಗ ಕೈಗೆ ಏನು ಗೊತ್ತಾಗುತ್ತದೆ? ರಾಡ್ ಬಗ್ಗುವುದೇ ತಿಳಿಯದೆ, ನೀವೇ ದೂಡುತ್ತಿದ್ದೀರಿ ಅನ್ನಿಸಿದರೆ ಲೈನ್ ಹಗುರ. ರಾಡ್ ಹಿಡಿಕೆಯವರೆಗೂ ಬಗ್ಗಿ, ನಿಲ್ಲಿಸಿದ ಮೇಲೂ ತುದಿ ಮೇಲೆ ಕೆಳಗೆ ಓಲಾಡಿ, ಲೈನಿನಲ್ಲಿ ಅಲೆ ಎದ್ದರೆ ಲೈನ್ ಭಾರ. ರಾಡಿನ ಮೇಲರ್ಧ ಬಗ್ಗಿ, ನಿಲ್ಲಿಸಿದ ಕೂಡಲೇ ನೆಟ್ಟಗಾಗಿ, ಲೂಪ್ ಎರಡು-ಮೂರು ಅಡಿ ಅಗಲದಲ್ಲಿ ಸರಾಗವಾಗಿ ಮಗುಚಿದರೆ ಅದು ಹೊಂದಿದ ಜೋಡಿ. ಲೈನನ್ನು 20 ಅಡಿಗೆ ಎಳೆದುಕೊಂಡು ಮತ್ತೆ ನೋಡಿ, 40ಕ್ಕೆ ಬಿಟ್ಟು ನೋಡಿ. ಯಾವ ಗೆರೆಯಲ್ಲಿ ರಾಡ್ ಅತಿ ಸರಾಗವಾಗಿ ಕೆಲಸ ಮಾಡುತ್ತದೋ ಅದೇ ಆ ಲೈನಿಗೂ ಆ ರಾಡಿಗೂ ಹೊಂದುವ ದೂರ. ನಿಮ್ಮ 5ರ ಲೈನ್ 35-40 ಅಡಿಯ ಗೆರೆಯಲ್ಲಿ ಸುಖವಾಗಿ ಹೋದರೆ ನಾನು ಆಶ್ಚರ್ಯಪಡುವುದಿಲ್ಲ. ಅಲ್ಲಿ ಅದರ ತೂಕ 30 ಅಡಿಯ 6ನ್ನು ಮುಟ್ಟಿರುತ್ತದೆ, ಮೀರಿಯೂ ಇರಬಹುದು.

8 ಹಾಕಿದರೆ ರಾಡ್ ತಾನಾಗಿ ಎಸೆಯುತ್ತದೆ ಎಂಬ ಮಾತಿಗೆ ಬರುತ್ತೇನೆ. ಮೊದಲ ಅರ್ಧ ಗಂಟೆ ಹಾಗೆ ಅನ್ನಿಸುವುದು ನಿಜ, ಯಾಕೆಂದರೆ ಹತ್ತು-ಹದಿನೈದು ಅಡಿ ಲೈನಿಗೇ ರಾಡ್ ಬಗ್ಗುತ್ತದೆ. ದೂರ ಹೆಚ್ಚಿಸಲು ಹೋದಾಗ ತೊಂದರೆ ಶುರುವಾಗುತ್ತದೆ. ರಾಡ್ ತಡವಾಗಿ ನೆಟ್ಟಗಾಗುತ್ತದೆ, ಲೂಪ್ ತೆರೆದುಕೊಳ್ಳುತ್ತದೆ, ತುದಿಯ ವೇಗ ಇಳಿಯುತ್ತದೆ, ದೂರವೂ ಇಳಿಯುತ್ತದೆ. ಭಾರದ ಲೈನ್ ನೀರಿಗೆ ಬಡಿದಾಗ ಅಂಚಿನಲ್ಲಿ ಮೇಯುವ ಜಿಲೇಬಿ ಒಂದೂ ಅಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕಲಿಯುವವರ ಕೈಗೆ ಕೆಟ್ಟ ರೂಢಿ ಅಂಟುತ್ತದೆ. ನಿಲ್ಲಿಸುವ ಕೆಲಸ ಕಲಿಯದೆ ತೂಗಾಡಿಸುವ ಕೆಲಸ ಕಲಿಯುತ್ತೀರಿ. ಒಂದು ನಂಬರ್ ಏರಿಸುವುದನ್ನು ನಾನು ಒಪ್ಪುತ್ತೇನೆ, ಎರಡು ಏರಿಸುವುದಕ್ಕೆ ನನ್ನ ಸಮ್ಮತಿಯಿಲ್ಲ.

7 ಹಾಕಿ ಎಂದವರ ಮಾತಿನಲ್ಲಿ ತಿರುಳಿದೆ. ಕನಕಗಿರಿ ಕಡೆಯ ಕೆರೆ ಏರಿಗಳನ್ನು ನೆನಪಿಸಿಕೊಳ್ಳಿ. ಬೆನ್ನ ಹಿಂದೆ ಬಳ್ಳಾರಿ ಜಾಲಿ ಗೋಡೆ ಕಟ್ಟಿದ ಹಾಗೆ ಬೆಳೆದಿರುತ್ತದೆ. ಹಿಂದಕ್ಕೆ ಲೈನ್ ಬಿಟ್ಟರೆ ಫ್ಲೈ ಮುಳ್ಳಿಗೆ, ಬಿಡಿಸಲು ಹೋದ ಕೈ ಕೂಡ ಮುಳ್ಳಿಗೆ. ಅಂಥ ಜಾಗದಲ್ಲಿ ಹಿಂದಕ್ಕೆ ಎಸೆಯದೆ, ನೀರಿನ ಮೇಲೆಯೇ ಲೈನನ್ನು ನಿಧಾನವಾಗಿ ಎಳೆದು ತಂದು, ಭುಜದ ಪಕ್ಕ ಇಳಿಬಿಟ್ಟು ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟ್ ಬೇಕು. ರೋಲ್ ಕಾಸ್ಟ್‌ನಲ್ಲಿ ರಾಡನ್ನು ಬಗ್ಗಿಸಲು ಹಿಂದೆ ಗಾಳಿಯಲ್ಲಿ ಚಾಚಿದ ಲೈನ್ ಇರುವುದಿಲ್ಲ. ಭುಜದ ಹಿಂದೆ ಜೋತಿರುವ ಸ್ವಲ್ಪ ಲೈನಿನ ತೂಕ, ನೀರು ಹಿಡಿದಿಡುವ ಎಳೆತ, ಇಷ್ಟೇ. ಅಲ್ಲಿ ಒಂದು ನಂಬರ್ ಹೆಚ್ಚಿನ ಲೈನ್ ನಿಜಕ್ಕೂ ಉಪಕಾರ ಮಾಡುತ್ತದೆ. ಡಿಟಿ ಎಂಬ ಲೈನ್ ಇನ್ನೂ ಒಳ್ಳೆಯದು. ಎರಡೂ ತುದಿ ಸಪೂರ, ನಡುವೆಲ್ಲ ಒಂದೇ ದಪ್ಪ. ಡಬ್ಲ್ಯುಎಫ್‌ನ ದಪ್ಪ ಭಾಗ ತುದಿ ದಾಟಿ ಸಪೂರ ಭಾಗ ಹೊರಬಂದ ಮೇಲೆ ರೋಲ್ ಕಾಸ್ಟ್ ಆಗುವುದಿಲ್ಲ, ಸಪೂರ ದಾರ ದಪ್ಪ ದಾರವನ್ನು ಮಗುಚಲಾರದು. ಡಿಟಿಯಲ್ಲಿ ಆ ತೊಡಕಿಲ್ಲ. ಒಂದು ತುದಿ ಸವೆದರೆ ತಿರುಗಿಸಿ ಸುತ್ತಿಕೊಂಡು ಇನ್ನಷ್ಟು ವರ್ಷ ಬಳಸಬಹುದು ಎಂಬುದು ಇನ್ನೊಂದು ಲಾಭ.

ಹಾಗಾಗಿ ನನ್ನ ಸಲಹೆ ಹೀಗೆ. ಕೆರೆ ಏರಿಯ ಮೇಲಿನ ಹತ್ತಿರದ ಎಸೆತವೇ ಹೆಚ್ಚೆಂದರೆ, 30 ಅಡಿಗೆ 12 ಗ್ರಾಂ ತೂಗುವ 7, ಇಲ್ಲವೇ ಡಿಟಿ 6. ಹಿನ್ನೀರಿನ ಬಯಲೇ ಹೆಚ್ಚೆಂದರೆ, ಅಳತೆಗೆ ಸರಿಯಾದ ಡಬ್ಲ್ಯುಎಫ್ 6. ಎರಡಕ್ಕೂ ಒಂದೇ ಲೈನ್ ಬೇಕೆಂದರೆ ಅರ್ಧ ನಂಬರ್ ಹೆಚ್ಚಿರುವ 6 ಹುಡುಕಿ, 172 ಗ್ರೇನ್ ಆಸುಪಾಸಿನದು, ಅಂದರೆ 11 ಗ್ರಾಂ ಚಿಲ್ಲರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೊನೆಯದನ್ನೇ ಕೊಳ್ಳುತ್ತಿದ್ದೆ. ರಾಡ್ 11-13 ಅಡಿಯದಾಗಿ ಎರಡು ಕೈಯಲ್ಲಿ ಹಿಡಿಯುವಂಥದ್ದಾಗಿದ್ದರೆ ಈ ಲೆಕ್ಕ ಯಾವುದೂ ನಡೆಯುತ್ತಿರಲಿಲ್ಲ, ಅವುಗಳ ನಂಬರಿನ ತೂಕವೇ ಬೇರೆ. ನಿಮ್ಮದು 9 ಅಡಿ, ಆ ಚಿಂತೆಯಿಲ್ಲ.

ಫ್ಲೈ ಗಾತ್ರವನ್ನೂ ಮರೆಯಬೇಡಿ, ಲೈನ್ ಹೊರಬೇಕಾದದ್ದು ಅದನ್ನೇ. ಜಿಲೇಬಿಗೆ 10-12ನೇ ನಂಬರಿನ ಗಾಳದ ಸಣ್ಣ ಫ್ಲೈ ಸಾಕು, 6ರ ಲೈನ್ ಅದನ್ನು ಲೀಲಾಜಾಲವಾಗಿ ಒಯ್ಯುತ್ತದೆ. ಕೊರಮೀನಿಗೆಂದು ಸ್ಪಂಜಿನ ದೊಡ್ಡ ಕಪ್ಪೆ ಕಟ್ಟಿದರೆ 6ರ ಲೈನ್ ಅದನ್ನು ಮಗುಚಲಾರದು, ಲೀಡರ್ ಸುತ್ತಿಕೊಂಡು ಕಪ್ಪೆ ಅರ್ಧ ದಾರಿಯಲ್ಲೇ ಬೀಳುತ್ತದೆ. 8ರ ಲೈನ್ ಅಲ್ಲಿ ಬೇಕು, ಆದರೆ 8ರ ರಾಡಿನ ಮೇಲೆ. ಮಳೆಗಾಲದಲ್ಲಿ ಕೊರಮೀನು ಮರಿಗಳ ಗುಂಪನ್ನು ಕಾಯುತ್ತ ಮೇಲೆಯೇ ಇರುತ್ತದೆ, ಏನು ಹಾಕಿದರೂ ಹೊಡೆಯುತ್ತದೆ. ಆಗ ಅದನ್ನು ಹಿಡಿಯಬೇಡಿ. ತಾಯ್ತಂದೆ ಹೋದರೆ ಮರಿಗಳು ಅಂದೇ ಬೇರೆ ಮೀನಿನ ಬಾಯಿಗೆ.

ನಮ್ಮ ಕಡೆಯ ಬಿಸಿಲು ಈ ವಿಷಯದಲ್ಲಿ ದೊಡ್ಡ ಸಂಗತಿ, ಇದನ್ನು ಹೊರದೇಶದ ಪುಸ್ತಕಗಳಲ್ಲಿ ಓದಿ ತಿಳಿಯಲಾಗದು. ಮಾರುಕಟ್ಟೆಯಲ್ಲಿ ಸಿಗುವ 5-6ರ ಲೈನುಗಳಲ್ಲಿ ಹೆಚ್ಚಿನವು ತಣ್ಣೀರಿನ ಟ್ರೌಟ್ ಮೀನಿಗೆಂದು ಮಾಡಿದವು. ಚಳಿಯಲ್ಲೂ ಸೆಡೆಯದಿರಲಿ ಎಂದು ಅವುಗಳ ಲೇಪನ, ಒಳಗಿನ ಎಳೆ ಎರಡನ್ನೂ ಮೆದುವಾಗಿಯೇ ಮಾಡಿರುತ್ತಾರೆ. ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್-ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದಾಗ, ಅಂಥ ಲೈನ್ ಜೋತು ಬೀಳುತ್ತದೆ, ಜಿಗುಟಾಗುತ್ತದೆ, ರಾಡಿನ ರಿಂಗುಗಳಿಗೆ ಅಂಟಿಕೊಂಡ ಹಾಗೆ ಹೋಗುತ್ತದೆ. ನೀವು ಬೇಸಿಗೆಯಲ್ಲಿ ಮುನಿರಾಬಾದಿನಲ್ಲಿ ಎಸೆದೆ ಎಂದಿದ್ದೀರಿ. ತೂಕ ಸರಿಯಿದ್ದೂ ದೂರ ಹೋಗದಿರಲು ಇದು ಒಂದು ಕಾರಣವಾಗಿರಬಹುದು. ಬೆಳಿಗ್ಗೆ 7ಕ್ಕೂ ಮಧ್ಯಾಹ್ನ 1ಕ್ಕೂ ಅದೇ ಲೈನ್ ಎಸೆದು ವ್ಯತ್ಯಾಸ ನೋಡಿ. ಹೊಸದಾಗಿ ಕೊಳ್ಳುವಾಗ ‘ಟ್ರಾಪಿಕಲ್’ ಅಥವಾ ‘ವಾರ್ಮ್ ವಾಟರ್’ ಎಂದು ಬರೆದ ಲೈನೇ ಕೇಳಿ. ಅವುಗಳ ಲೇಪನ ಗಡುಸು, ಒಳಗಿನ ಎಳೆಯೂ ಬಿಗಿ. ಡಿಸೆಂಬರ್ ಮುಂಜಾವಿನಲ್ಲಿ ಸ್ವಲ್ಪ ಸುರುಳಿ ಹಿಡಿಯುತ್ತವೆ, ಎಳೆದು ನೀವಿದರೆ ಸರಿಹೋಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲ್ ಬಿಡಬೇಡಿ. ಸೊಳ್ಳೆಗೆ ಹಚ್ಚುವ ಔಷಧ, ಪೆಟ್ರೋಲ್ ಕೈಯಲ್ಲಿದ್ದಾಗ ಲೈನ್ ಮುಟ್ಟಬೇಡಿ, ಲೇಪನ ಸೀಳುತ್ತದೆ. ಎರೆಮಣ್ಣಿನ ಕೆಸರು ಅಂಟಿದ ಲೈನನ್ನು ಉಗುರುಬೆಚ್ಚನೆ ಸಾಬೂನು ನೀರಿನಲ್ಲಿ ಬಟ್ಟೆ ಹಿಡಿದು ಒರೆಸಿದರೆ ನಾಲ್ಕೈದು ಅಡಿ ಎಸೆತ ಹಾಗೆಯೇ ಮರಳಿ ಬರುತ್ತದೆ.

ಗಾಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಆಷಾಢ ಬಂದಾಗ ಕೇಳಲೇಬೇಕಾಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಎದುರು ಗಾಳಿಗೆ ಭಾರದ ಲೈನ್ ಒಳ್ಳೆಯದೆನ್ನುವುದು ನಿಜ: ದಪ್ಪ ಎರಡರಷ್ಟಾದರೆ ಗಾಳಿಯ ತಡೆ ಸುಮಾರು ಎರಡರಷ್ಟು, ತೂಕ ನಾಲ್ಕರಷ್ಟು. ಆದರೆ ಆ ಭಾರವನ್ನು ಬೀಸಲು ತಕ್ಕ ರಾಡ್ ಇರಬೇಕು. 6ರ ರಾಡಿಗೆ 8 ಹಾಕಿದರೆ ಲೂಪ್ ಅಗಲವಾಗಿ, ಗಾಳಿ ಅದನ್ನು ಇನ್ನೂ ಸುಲಭವಾಗಿ ಹಿಡಿಯುತ್ತದೆ. ಇರುವ ರಾಡಿನಲ್ಲೇ ಗಾಳಿಗೆ ಎಸೆಯಬೇಕೆಂದರೆ ಅದೇ ತೂಕದ ಮುಳುಗುವ ಲೈನ್ ಹಾಕಿ. ಅದರ ವಸ್ತು ಸಾಂದ್ರ, ಹಾಗಾಗಿ ಅಷ್ಟೇ ತೂಕ ಕಡಿಮೆ ದಪ್ಪದಲ್ಲಿ ಸಿಗುತ್ತದೆ, ಗಾಳಿಯನ್ನು ಕೊಯ್ದುಕೊಂಡು ಹೋಗುತ್ತದೆ. ಗಾಳಿ ನಿಮ್ಮ ಬಲಗಡೆಯಿಂದ ಬೀಸುತ್ತಿದ್ದರೆ ಬಲಗೈಯವರಿಗೆ ಫ್ಲೈ ಮುಖದ ಕಡೆಗೇ ಬರುತ್ತದೆ. ಟೋಪಿ, ಕನ್ನಡಕ ಇಲ್ಲದೆ ಎಸೆಯಲೇಬೇಡಿ.

ಜಾಗದ ಬಗ್ಗೆಯೂ ಎರಡು ಮಾತು. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಆನೆಗೊಂದಿ ಬಂಡೆಗಳ ನಡುವಿನ ನೀರು ಎಷ್ಟೇ ಆಸೆ ಹುಟ್ಟಿಸಿದರೂ ಅದನ್ನು ನೀರುನಾಯಿಗೇ ಬಿಟ್ಟುಬಿಡಿ. ಕೆರೆಯಾದರೆ ಅಲ್ಲಿನ ಮೀನುಗಾರರ ಸಹಕಾರ ಸಂಘವನ್ನು, ಹಿನ್ನೀರಾದರೆ ತುಂಗಭದ್ರಾ ಮಂಡಳಿಯ ಮೀನುಗಾರಿಕೆ ವಿಭಾಗವನ್ನು ಮೊದಲು ಕೇಳಿ. ಹಾಸಿದ ಬಲೆಯ ಹತ್ತಿರ ಎಸೆಯಬೇಡಿ, ಅದು ಅವರ ಅನ್ನ. ಹೊಳೆಯಲ್ಲಿ ಮೊಸಳೆಗಳಿವೆ, ನೀರಿಗಿಳಿದು ನಿಂತು ಎಸೆಯುವ ವಿದೇಶಿ ವಿಡಿಯೊಗಳನ್ನು ಇಲ್ಲಿ ಅನುಸರಿಸುವುದು ಬೇಡ.

ಕೊನೆಯದಾಗಿ ರೀಲ್. ಬದಲಾಯಿಸಬೇಕಿಲ್ಲ. ಎಸೆತದಲ್ಲಿ ಫ್ಲೈ ರೀಲಿಗೆ ಕೆಲಸವೇ ಇಲ್ಲ, ಅದು ಲೈನ್ ಸುತ್ತಿಡುವ, ದೊಡ್ಡ ಮೀನು ಓಡಿದಾಗ ಬ್ರೇಕ್ ಹಿಡಿಯುವ ಸಾಧನ. ರೀಲಿನ ಮೇಲೆ 5/6 ಎಂದಿದ್ದರೆ 6ರ ಲೈನ್ ಆರಾಮವಾಗಿ ಹಿಡಿಯುತ್ತದೆ. ಲೈನಿನ ಹಿಂದೆ ಬ್ಯಾಕಿಂಗ್, ಅಂದರೆ 20 ಪೌಂಡ್ ಎಳೆತ ತಡೆಯುವ ಡೇಕ್ರಾನ್ ದಾರ, ಐವತ್ತು ಮೀಟರ್ ಸುತ್ತಿ. ಜಿಲೇಬಿ ನಿಮ್ಮನ್ನು ಅಲ್ಲಿಯವರೆಗೆ ಒಯ್ಯುವುದಿಲ್ಲ, ಹಿನ್ನೀರಿನ ರೋಹು ಒಯ್ಯಬಹುದು. 7 ಕೊಂಡರೆ ದಪ್ಪ ಹೆಚ್ಚಾಗಿ ರೀಲಿನ ಅಂಚಿಗೆ ಲೈನ್ ಉಜ್ಜುತ್ತದೆಯೇ ನೋಡಿ. ಉಜ್ಜಿದರೆ ಬ್ಯಾಕಿಂಗನ್ನು ಹತ್ತು-ಹದಿನೈದು ಮೀಟರ್ ಕಡಿಮೆ ಮಾಡಿ. ತೂಕ ಮಾಡಿಸಿದ ಮೇಲೆ ಎಷ್ಟು ಗ್ರಾಂ ಬಂತು, ಯಾವ ಗೆರೆಯಲ್ಲಿ ರಾಡ್ ಸರಾಗವಾಗಿ ಬಗ್ಗಿತು, ಎರಡನ್ನೂ ಬರೆದು ಕಳಿಸಿ. ಯಾವ ಲೈನ್ ಎಂದು ಆಗ ಹೆಸರು ಹಿಡಿದೇ ಹೇಳುತ್ತೇನೆ.